ಏರು ನೀರಿಗೆ ತೆಗೆದ ಹಲಗೆ

ಹೊಳೆಕಟ್ಟು ಮನೆ, ಕುಂದಾಪುರ ತಾಲೂಕು
14 ಮಾರ್ಚ್ 2025

ಅಣ್ಣ,

ಇದನ್ನು ಬರೆಯದೆಯೇ ಬಿಡುವುದರಲ್ಲಿದ್ದೆ. ಮಂಗಳವಾರ ಪದ್ದುವಿನ ಬಲಗೈಯನ್ನು ಮೊಣಕೈಯ ಮೇಲಿಂದ ತೆಗೆದರು.

ನಿನ್ನೆ ಒಂದು ಕಾಗದ ಬರೆದಿದ್ದೆ. ಅದರಲ್ಲಿ ನಿನ್ನ ಬಿ.ಪಿ. ಮಾತ್ರೆ, ಉಮಾವತಿ ಅತ್ತಿಗೆಯ ಮಂಡಿನೋವು, ಗಲಾಟೆಯಲ್ಲಿ ಒಡೆದ ನಮ್ಮ ಲಾಡ್ಜಿನ ಗಾಜು ಎಲ್ಲ ಇತ್ತು, ಕೈ ಮಾತ್ರ ಇರಲಿಲ್ಲ. ಓದಿದಾಗ ನನಗೇ ಹೇಸಿಗೆಯಾಯಿತು. ಹರಿದೆ. ವಾರಕ್ಕೊಮ್ಮೆ ಸಿಗುವ ಫೋನು ಅತ್ತಿಗೆಗೇ ಇರಲಿ, ನನಗೆ ಕಾಗದವೇ ಸರಿ. ನಿನ್ನನ್ನು ಘಟ್ಟದ ಮೇಲಿನ ಜೈಲಿಗೆ ಕಳಿಸಿದ್ದು ಒಳ್ಳೆಯದಾಯಿತು ಎನ್ನುತ್ತಾರೆ ವಕೀಲರು. ಇಲ್ಲೇ ಇದ್ದಿದ್ದರೆ ಪದ್ದುವಿನ ಕಡೆಯವರು ಯಾರಾದರೂ ಒಳಗೆ ಬಂದು ನಿನ್ನನ್ನು ಮುಗಿಸುತ್ತಿದ್ದರಂತೆ. ಅಲ್ಲಿ ಕಾಗದಗಳನ್ನು ಒಡೆದು ಓದಿಯೇ ಕೊಡುತ್ತಾರೆ ಎಂದೂ ಹೇಳಿದರು. ಹಾಗಾಗಿ ಎಲ್ಲರಿಗೂ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಮೂಳೆ ಪುಡಿಯಾಗಿದ್ದರೂ ಕೈ ಉಳಿಸಬಹುದಿತ್ತಂತೆ. ಆದರೆ ಗಾಯದೊಳಗೆ ಹೊಳೆಯ ನೀರು ಹೋಗಿತ್ತು. ಮೊದಲು ಊದಿತು, ಆಮೇಲೆ ಹಸಿರಾಯಿತು, ಆಮೇಲೆ ಮುಟ್ಟಿದರೆ ಚರ್ಮದ ಕೆಳಗೆ ಗಾಳಿ ಗುಳುಗುಟ್ಟುತ್ತಿತ್ತು. ನಾನು ಆಸ್ಪತ್ರೆಯ ವರಾಂಡದಲ್ಲಿದ್ದೆ. ಡಾಕ್ಟರು ಹೊರಗೆ ಬಂದು, "ಯಾವ ನೀರಿನಲ್ಲಿ ಬಿದ್ದಿದ್ದರು?" ಎಂದು ಕೇಳಿದರು. ಪದ್ದುವಿನ ಹೆಂಡತಿ ಸರೋಜ ನನ್ನತ್ತ ಕೈ ಮಾಡಿದಳು. "ಅವ್ರನ್ನ್ ಕೇಣಿ ಡಾಕ್ಟ್ರೆ. ಅವ್ರ್ ಲಾಡ್ಜಿನ್ ಪಾಯಖಾನೆ ನೀರ್. ಅವ್ರಿಗೇ ಗೊತ್ತಿತ್ತ್."

ಡಾಕ್ಟರು ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಅದು ಹೌದೆಂದೋ ಅಲ್ಲವೆಂದೋ ನನಗೇ ತಿಳಿಯದು.

ಪೊಲೀಸರು ಬಂದಿದ್ದರು. ಇನ್‌ಸ್ಪೆಕ್ಟರು ಬಯಲುಸೀಮೆಯವರು. "ಹಲಗೆಗೋಸ್ಕರ ಯಾರಾದ್ರೂ ಹೊಡ್ದಾಡ್ತಾರಾ ಮೇಡಂ?" ಎಂದರು. ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿದೆ. ಡಿಸೆಂಬರಿನಲ್ಲಿ ಅಣೆಕಟ್ಟಿನ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಂಬುತ್ತೇವೆ. ಸಮುದ್ರದ ಉಪ್ಪುನೀರು ಮೇಲೆ ಬರುವುದಿಲ್ಲ, ಸಿಹಿನೀರು ಗದ್ದೆಗೂ ಬಾವಿಗೂ ಉಳಿಯುತ್ತದೆ. ಕೆಳಗೆ ಗಂಗೊಳ್ಳಿ ಕಡೆಯವರು ಹೊಳೆಯಲ್ಲಿ ಪಂಜರ ಕಟ್ಟಿ ಕುರುಡಿ ಮೀನು ಸಾಕುತ್ತಾರೆ. ಹೆದ್ದಾರಿಯ ಲಾಡ್ಜುಗಳ ಕೊಳಚೆ ತೋಡಿನಲ್ಲಿ ಹರಿದು ಅಣೆಕಟ್ಟಿನ ಮೇಲ್ಭಾಗಕ್ಕೆ ಸೇರುತ್ತದೆ. ಹಲಗೆ ಹಾಕಿದ ಮೇಲೆ ಅದು ಅಲ್ಲೇ ನಿಂತು ಕಪ್ಪಾಗುತ್ತದೆ. ಈ ವರ್ಷ ಬಾವಿಗಳಿಗೂ ಇಳಿಯಿತು. ಅದಕ್ಕೇ ಆರನೇ ತಾರೀಕು ನೀನು ಗದ್ದೆಯವರನ್ನು ಸೇರಿಸಿ ಹಲಗೆ ಎತ್ತಿಸಿದೆ. ಕಪ್ಪುನೀರು ಪಂಜರಗಳನ್ನು ಮುಚ್ಚಿತು, ಮೀನು ಸತ್ತಿತು. ಪಂಜರದವರಲ್ಲಿ ಒಬ್ಬನಾದ ಪದ್ದು ಹಲಗೆ ತಿರುಗಿ ಹಾಕಲು ಓಡಿಬಂದು ನೀರಿಗಿಳಿದ.

"ಹಲಗೆ ತೆಗೆಯುವ ಮೊದಲು ಕೆಳಗಿನವರಿಗೆ ಹೇಳೋದು ಇಲ್ವಾ?" ಎಂದರು. ಇದೆ, ಅಪ್ಪಯ್ಯನ ಕಾಲದಲ್ಲಿ ಮುನ್ನಾದಿನವೇ ಹೇಳಿ ಕಳಿಸುತ್ತಿದ್ದೆವು ಎಂದೆ. "ನೀವು ಏನು ನೋಡಿದ್ರಿ?" ಕಟ್ಟೆಯ ಮೇಲಿದ್ದೆ, ತಲೆ ತಿರುಗಿತು, ಸರಿಯಾಗಿ ನೆನಪಿಲ್ಲ ಎಂದೆ. ಬರೆದುಕೊಂಡು ಹೋದರು.

ಓದಲು ಏನಾದರೂ ಕಳಿಸಲೇ?

ವಿಜೇತಾ


ಕಾರಾಗೃಹ
21 ಮಾರ್ಚ್ 2025

ಪ್ರೀತಿಯ ವಿಜಿ,

ಕಾಗದ ಬಂತು. ಕ್ಷೇಮಸಮಾಚಾರ ಬಿಟ್ಟು ಕತ್ತರಿಸಿದ ಕೈಯಿಂದ ಶುರುಮಾಡಿದ್ದೀಯ. ಬ್ರಹ್ಮಾವರದ ಶಾಲೆಯಲ್ಲಿ ಮಕ್ಕಳಿಗೂ ಹೀಗೆಯೇ ಕಾಗದ ಬರೆಯಲು ಕಲಿಸುತ್ತೀಯೇನು?

ನನಗೂ ಬೇಸರವಿದೆ. ಪದ್ದು ಏಳನೆಯವರೆಗೆ ನನ್ನ ಬೆಂಚಿನವನು. ಆದರೆ ನೀನು ಬರೆದದ್ದನ್ನು ಹೇಳಿದಾಗ ವಕೀಲರ ಮುಖ ಅರಳಿತು. ಕೈ ತೆಗೆದದ್ದು ಸೋಂಕಿಗೆ, ಹಾರೆಯ ಏಟಿಗಲ್ಲ. ಏಟಿಗೆ ಮೂಳೆ ಮುರಿಯಿತು, ಅಷ್ಟೆ. ಕೈಯನ್ನು ನೀರು ತಿಂದಿತು. ನೀರಿನ ಮೇಲೆ ಕೇಸು ಹಾಕಲಿ.

ಒಂದೇ ಏಟು ವಿಜಿ. ಅವನು ಮೈಮೇಲೆ ಬಂದ, ನಾನು ಹೆದರಿ ಹಾರೆ ಬೀಸಿದೆ. ಅವನ ಕೈಯಲ್ಲಿ ಏನೋ ಇತ್ತು. ಕತ್ತಿಯೇ ಇರಬೇಕು. ನೀನು ಮೇಲೆಯೇ ನಿಂತಿದ್ದೆ, ನಿನಗೆ ನನಗಿಂತ ಚೆನ್ನಾಗಿ ಕಂಡಿರಬೇಕು.

ಹೇಳಿ ಕಳಿಸಲು ಆ ಗಡಿಬಿಡಿಯಲ್ಲಿ ಮರೆತುಹೋಯಿತು. ಇನ್ನು ಪೊಲೀಸರು ಕೆದಕುವ ಭರತ ಇಳಿತದ ವಿಚಾರ. ಗದ್ದೆ ಮಾಡುವವರಿಗೆ ಅದೆಲ್ಲ ಹೇಗೆ ಗೊತ್ತಿರಬೇಕು? ಇಳಿಯುವ ನೀರು, ಕೊಳಚೆಯನ್ನು ನೆಟ್ಟಗೆ ಅಳಿವೆಗೆ ಒಯ್ಯುತ್ತದೆ ಎಂದೆಣಿಸಿಯೇ ಹಲಗೆ ಎತ್ತಿಸಿದ್ದು. ಏರುವ ನೀರು ಎದುರಾಗಿ ಅದು ಪಂಜರದ ಬುಡದಲ್ಲೇ ನಿಂತರೆ ನಮ್ಮ ಗ್ರಹಚಾರ.

ಎಲ್ಲರೂ ಅವನ ಕೈಯನ್ನೇ ನೋಡುತ್ತಾರೆ. ಗ್ರಾಮಸಭೆಯಲ್ಲಿ ಆ ಕೈಯಲ್ಲೇ ಕಪ್ಪುನೀರಿನ ಬಾಟ್ಲಿ ತಂದು ನನ್ನೆದುರು ಇಟ್ಟು, "ಕುಡಿನಿ ಶೆಟ್ರೆ, ನಿಮ್ದೇ ನೀರ್, ನಾಚ್ಕಂಬುದ್ ಎಂತಕೆ?" ಎಂದದ್ದು ಯಾರಿಗೂ ನೆನಪಿಲ್ಲ. ಇಡೀ ಸಭೆ ನಕ್ಕಿತು. ನೀನು ಬಾಯಿಗೆ ಸೆರಗು ಹಿಡಿದದ್ದನ್ನೂ ಕಂಡಿದ್ದೇನೆ. ಮೂರನೇ ದಿನ ಲಾಡ್ಜಿಗೆ ನೋಟೀಸು ಬಂತು. ಪಂಚಾಯತಿ ತರಹೊರಟ ಕೊಳಚೆ ಶುದ್ಧೀಕರಣ ಘಟಕ ನಮ್ಮ ಗದ್ದೆ ಬದಿಗೆ ಬೇಡ ಎಂದು ನಾನು ಬೋರ್ಡು ಹಾಕಿಸಿದ್ದು ತಪ್ಪೇ? ಇಡೀ ಊರಿನ ಹೇಲು ಬಂದು ನಮ್ಮ ಅಂಗಳದಲ್ಲಿ ತೊಳೆಸಿಕೊಳ್ಳಬೇಕೇ?

ಇಲ್ಲಿ ಶೌಚಾಲಯ ಕಟ್ಟಿಹೋಗಿದೆ. ನೀರು ಹೊರಗೆ ಬರುತ್ತದೆ, ನನ್ನ ಚಾಪೆ ಅದರ ಪಕ್ಕದಲ್ಲಿ. ತಟ್ಟೆ ಹಿಡಿದು ಗೋಡೆಯತ್ತ ತಿರುಗಿ ಉಣ್ಣುತ್ತೇನೆ. ಮನುಷ್ಯರಾದವರು ಇದರಲ್ಲಿ ಬದುಕುವುದು ಹೇಗೆ, ನೀನೇ ಹೇಳು.

ರತ್ನಾಕರ


ಹೊಳೆಕಟ್ಟು ಮನೆ
4 ಏಪ್ರಿಲ್ 2025

ಅಣ್ಣ,

ಪದ್ದು ಮನೆಗೆ ಬಂದಿದ್ದಾನೆ ಎಂದು ಕೇಳಿ ಸೋಮವಾರ ಹೋಗಿದ್ದೆ. ಅತ್ತಿಗೆ ಬಾಗಿಲಲ್ಲಿ ಅಡ್ಡ ನಿಂತರು. "ಎಂತಕೆ ಹೋಪುದ್ ವಿಜಿ? ಹೋರೆ ತಪ್ಪ್ ನಮ್ದೇ ಅಂದೇಳಿ ಒಪ್ದಂಗೆ ಆತ್ತ್." ಆದರೂ ಹೋದೆ. ಕಿತ್ತಳೆ ಹಣ್ಣಿನ ಚೀಲ ಹಿಡಿದು ಹೋಗಿದ್ದೆ. ಅವರ ಅಂಗಳ ಮುಟ್ಟುವಾಗ ಹೊಳೆಯಿತು, ಅವನು ಅದನ್ನು ಸುಲಿಯುವುದು ಹೇಗೆ?

ಬಿಸಿಲಿಗೆ ಬಂದಿದ್ದೆನೆಂದು ಸರೋಜ ಮುಖ ತೊಳೆಯಲು ನೀರು ಕೊಟ್ಟಳು.

ಪದ್ದು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಅರ್ಧ ಆಗಿದ್ದಾನೆ. ನನ್ನನ್ನು ಕಂಡು ನಕ್ಕ. "ಉಂಬುಕೂ ಎಡ್ಗೈ, ತೊಳುಕೂ ಎಡ್ಗೈ ವಿಜಿಯಮ್ಮ. ಅನ್ನಪೂರ್ಣೇಶ್ವರಿ ಸಿಟ್ಟಾತ್ಲ್ ಅಂದೇಳಿ ಹೆದ್ರಿಕೆ." ಆಮೇಲೆ ನಗು ನಿಂತಿತು. "ಇಲ್ದಿದ್ದ್ ಕೈ ನೋಯ್ತ್ ಕಾಣಿ. ಬೆರಳ್ ಎಲ್ಲ ಅಲ್ಲೇ ಇದ್ದಂಗೆ. ಹಿಡ್ದ್ ಮುಷ್ಟಿ ಹಿಡ್ದಂಗೇ ಇತ್ತ್, ಎಂತ ಮಾಡ್ರೂ ಬಿಚ್ಚುಕ್ ಆತಿಲ್ಲ."

ಆ ಮಾತು ನನ್ನ ಜೊತೆಗೇ ಮನೆಗೆ ಬಂತು.

ಮರುದಿನ ಲಾಡ್ಜಿನ ಹಿಂದೆ ಹೋಗಿ ನಿಂತೆ. ಎಷ್ಟು ವರ್ಷದಿಂದ ಅದೇ ಕಟ್ಟಡದ ಮುಂದಿನಿಂದ ಓಡಾಡಿದ್ದೇನೆ, ಹಿಂದೆ ಹೋದದ್ದು ಅದೇ ಮೊದಲು. ಮೇಲೆ ಯಾರೋ ಫ್ಲಶ್ ಎಳೆದರು. ಗೋಡೆಯೊಳಗೆ ಸದ್ದು ಇಳಿಯಿತು, ನನ್ನ ಕಾಲ ಬುಡದಲ್ಲಿ ಪೈಪಿನಿಂದ ತೋಡಿಗೆ ಬಿತ್ತು. ಕಟ್ಟಡದಲ್ಲಿ ನನ್ನ ಪಾಲೂ ಇದೆಯಲ್ಲ. ರೂಮುಗಳನ್ನು ಖಾಲಿ ಮಾಡಿಸಿ, ಮೇಸ್ತ್ರಿಯನ್ನು ಕರೆಸಿ ಪೈಪಿನ ಬಾಯಿಗೆ ಸಿಮೆಂಟು ಹಾಕಿಸಿದೆ. ಹೊಳೆ ಬದಿಯ ನನ್ನ ಪಾಲಿನ ಗದ್ದೆಯನ್ನು ಶುದ್ಧೀಕರಣ ಘಟಕಕ್ಕೆ ಕೊಡಬಹುದೇ ಎಂದು ಪಂಚಾಯತಿಯಲ್ಲಿ ವಿಚಾರಿಸಿದ್ದೇನೆ.

ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ಮೊದಲು ಹೇಳಬೇಕಿತ್ತೋ ಏನೋ. ಹೇಳಿದ್ದರೆ ಮಾಡಲು ನನಗೆ ಧೈರ್ಯ ಬರುತ್ತಿರಲಿಲ್ಲ.

ವಿಜೇತಾ


ಕಾರಾಗೃಹ
12 ಏಪ್ರಿಲ್ 2025

ವಿಜೇತಾ,

ಯಾರನ್ನು ಕೇಳಿ ಮುಚ್ಚಿದೆ? ಉಮಾ ಫೋನಿನಲ್ಲಿ ಅತ್ತಳು. ಗಂಡ ಜೈಲಿನಲ್ಲಿ, ಲಾಡ್ಜಿಗೆ ಬೀಗ, ನಾದಿನಿಗೆ ಸಮಾಜಸೇವೆ.

ಹೆದ್ದಾರಿಯಲ್ಲಿ ಯಾವ ಲಾಡ್ಜಿಗೆ ಸರಿಯಾದ ಟ್ಯಾಂಕು ಇದೆ, ಒಂದನ್ನು ತೋರಿಸು. ಎಲ್ಲರದೂ ತೋಡಿಗೇ. ನಾನೊಬ್ಬ ಮುಚ್ಚಿದರೆ ಹೊಳೆ ತೀರ್ಥವಾಗುತ್ತದೆಯೇ? ನಿನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದ್ದು ಆ ಲಾಡ್ಜು. ನಿನ್ನ ಇಂಗ್ಲಿಷೂ ಹರಿದುಬಂದದ್ದು ಅದೇ ಪೈಪಿನಲ್ಲಿ, ನೆನಪಿರಲಿ.

ಅಪ್ಪಯ್ಯನ ಗದ್ದೆಯನ್ನು ಹೇಲಿಗೆ ಕೊಡುವುದು ನಾನು ಬದುಕಿರುವವರೆಗೆ ಸಾಧ್ಯವಿಲ್ಲ. ಹಾಲಾಡಿ ಚಿಕ್ಕಮ್ಮನ ಮಗ ಪ್ರಥಮನಿಗೆ ಹೇಳಿದ್ದೇನೆ. ಅವನು ಬಂದು ಪೈಪು ಬಿಡಿಸುತ್ತಾನೆ. ಅವನ ಎದುರು ನಿಲ್ಲಬೇಡ. ಅವನಿಗೆ ನನ್ನಷ್ಟು ತಾಳ್ಮೆ ಇಲ್ಲ.

ರತ್ನಾಕರ


ಹೊಳೆಕಟ್ಟು ಮನೆ
19 ಏಪ್ರಿಲ್ 2025

ಅಣ್ಣ,

ಪ್ರಥಮ್ ಗುರುವಾರ ಇಬ್ಬರನ್ನು ಕರೆದುಕೊಂಡು ಬಂದ. "ಹ್ವಾಯ್ ವಿಜಿಯಕ್ಕ, ಒಳ್ಗ್ ಹೋಯ್ನಿ. ಇದ್ ಗಂಡಸ್ರ್ ಕೆಲ್ಸ" ಎಂದ. ಸಿಮೆಂಟಿಗೆ ಹಾರೆ ಹಾಕಿದ. ಒಳಗೆ ಕಟ್ಟಿನಿಂತಿದ್ದ ನೀರು ಹೊಡೆದ ರಭಸಕ್ಕೆ ಅವನು ಮಕಾಡೆ ಬಿದ್ದ. ಕಣ್ಣು, ಮೂಗು, ಬಾಯಿ ಎಲ್ಲ ತುಂಬಿತು. ಎದುರಿನ ಗ್ಯಾರೇಜಿನವರು ನಕ್ಕರು. ಎದ್ದವನೇ ಒಬ್ಬನ ತಲೆಗೆ ಹೊಡೆದ. ಏಳು ಹೊಲಿಗೆ. ಲಾಡ್ಜಿನ ರಿಸೆಪ್ಶನ್ನಿನಲ್ಲಿ ಉಳಿದಿದ್ದ ಗಾಜನ್ನು ಅವನೇ ಒಡೆದ. ನೀರು ಮತ್ತೆ ತೋಡಿಗೆ ಹೋಗುತ್ತಿದೆ, ನೀನು ನೆಮ್ಮದಿಯಿಂದಿರಬಹುದು.

ಬಾಗಿಲಿಗೆ ಸಿಕ್ಕಿ ನನ್ನ ಮಣಿಕಟ್ಟು ಊದಿದೆ. ಅಕ್ಷರ ಓರೆಯಾಗಿದ್ದರೆ ಅದಕ್ಕೇ.

ಮ್ಯಾಜಿಸ್ಟ್ರೇಟರ ಎದುರು ಹೇಳಿಕೆ ಕೊಡಲು ನನ್ನನ್ನು ಕರೆದಿದ್ದಾರೆ. ಮೇ ಹದಿನಾಲ್ಕಕ್ಕೆ. ಅಣೆಕಟ್ಟಿನ ಮೇಲೆ ನಿಂತು ಎಲ್ಲವನ್ನೂ ಹತ್ತಿರದಿಂದ ಕಂಡವಳು ನಾನೊಬ್ಬಳೇ ಎಂದು ಇನ್‌ಸ್ಪೆಕ್ಟರು ಹೇಳಿದರು. ಗದ್ದೆಯವರೆಲ್ಲ ಆಗ ದಡದಾಚೆ ಇದ್ದೆವು ಎಂದು ಬರೆಸಿದ್ದಾರಂತೆ.

ವಿಜೇತಾ


ಕಾರಾಗೃಹ
27 ಏಪ್ರಿಲ್ 2025

ನನ್ನ ಪ್ರೀತಿಯ ತಂಗಿ ವಿಜಿಗೆ,

ಬಾಗಿಲಿಗೆ ಎಣ್ಣೆ ಹಾಕಿಸು. ಹಳೆಯ ಮರದ ಬಾಗಿಲು, ಬೇಸಿಗೆಯಲ್ಲಿ ಬಿಗಿಯುತ್ತದೆ.

ಹಿಂದಿನ ಕಾಗದದಲ್ಲಿ ಗಟ್ಟಿಯಾಗಿ ಬರೆದೆ. ಇಲ್ಲಿ ರಾತ್ರಿ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಅಪ್ಪಯ್ಯ ಕಾಣುತ್ತಾರೆ. ನಿನಗೆ ನೆನಪಿದೆಯೋ ಇಲ್ಲವೋ, ನೀನು ಆಗ ಚಿಕ್ಕವಳು. ಹಲಗೆ ಎತ್ತುವ ದಿನ ಅವರು ನನ್ನನ್ನು ಅಣೆಕಟ್ಟಿನ ಕೊನೆಯ ಕಂಬದ ಹತ್ತಿರ ನಿಲ್ಲಿಸುತ್ತಿದ್ದರು. ಕಂಬದ ಮೇಲಿನ ಒದ್ದೆ ಗುರುತು ನೀರಿನಿಂದ ಮೇಲೆ ಕಾಣಿಸತೊಡಗಿದರೆ ಇಳಿತ ಶುರುವಾಯಿತು ಎಂದು. ನಾನು "ಇಳೀತ್, ಇಳೀತ್" ಎಂದು ಕೂಗಬೇಕು. ನಾನು ಕೂಗಿದ ಮೇಲೆಯೇ ಅಪ್ಪಯ್ಯ ಹಲಗೆಗೆ ಕೊಕ್ಕೆ ಹಾಕುತ್ತಿದ್ದದ್ದು. ಒಂದು ವರ್ಷವೂ ನನ್ನ ಲೆಕ್ಕ ತಪ್ಪಲಿಲ್ಲ. ಅವರು ತಲೆ ಸವರುತ್ತಿದ್ದರು. ಇಲ್ಲಿ ಮಲಗಿದಾಗ ಆ ಕೈ ಬೇಕು ಎನಿಸುತ್ತದೆ.

ಮನೆ ಎಂದರೆ ಈಗ ನಾವಿಬ್ಬರೇ. ವಕೀಲರು ಬಂದು ನಿನ್ನ ಜೊತೆ ಕೂತು ಮಾತಾಡುತ್ತಾರೆ. ಅವರು ಹೇಳಿದ್ದು ನಿನಗೆ ನೆನಪಾಗುತ್ತದೆ. ಮುಖ್ಯವಾಗಿ ಅವನ ಕೈಯಲ್ಲಿ ಏನಿತ್ತು ಎಂಬುದು. ನಿನ್ನ ಒಂದು ಮಾತಿನ ಮೇಲೆ ನಾನು ಮನೆಗೆ ಬರುವುದೋ ಇಲ್ಲೇ ಮುದುಕನಾಗುವುದೋ ನಿಂತಿದೆ.

ನಿನ್ನ ಅಣ್ಣ


ಹೊಳೆಕಟ್ಟು ಮನೆ
4 ಮೇ 2025

ಅಣ್ಣ,

ವಕೀಲರು ಬಂದಿದ್ದರು. "ಕತ್ತಿ ಅಂದೇಳಿ ಹೇಳೂದ್ ಬ್ಯಾಡ ಅಮ್ಮ, ಎಂತದೋ ಹೊಳಿತಿತ್ತ್ ಅಂದ್ರೆ ಸಾಕ್" ಎಂದು ಹೇಳಿ, ಚಹಾ ಕುಡಿದು ಹೋದರು.

ನಿನ್ನ ಕಾಗದವನ್ನು ಬಹಳ ಸಲ ಓದಿದೆ. ಮೊದಲ ಸಲ ಅತ್ತೆ. ಆಮೇಲೆ ಮಾರ್ಚಿನ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡೆ. ಗದ್ದೆ ಮಾಡುವವರಿಗೆ ಭರತ ಇಳಿತ ಹೇಗೆ ಗೊತ್ತಿರಬೇಕು ಎಂದು ಅದರಲ್ಲಿ ಕೇಳಿದ್ದೀಯ. ಒಂದು ವರ್ಷವೂ ಲೆಕ್ಕ ತಪ್ಪಲಿಲ್ಲ ಎಂದು ಇದರಲ್ಲಿ ಬರೆದಿದ್ದೀಯ. ಅಪ್ಪಯ್ಯನನ್ನು ನೆನೆಯುವಾಗ ಸುಳ್ಳು ಹೇಳಿದ್ದು ನಿನಗೆ ಮರೆತುಹೋಯಿತು.

ನಾನೂ ಸುಳ್ಳು ಬರೆದಿದ್ದೇನೆ. ನನ್ನ ಮಣಿಕಟ್ಟು ಬಾಗಿಲಿಗೆ ಸಿಕ್ಕಿದ್ದಲ್ಲ. ಪೈಪಿನ ಎದುರು ನಿಂತದ್ದಕ್ಕೆ ಪ್ರಥಮ್ ಅದನ್ನು ಹಿಂದಕ್ಕೆ ತಿರುಚಿದ, ಲಟಕ್ಕೆಂದಿತು. ಸರೋಜ ಮುಖ ತೊಳೆಯಲು ನೀರು ಕೊಟ್ಟದ್ದೂ ಅಲ್ಲ. ಕಿತ್ತಳೆಯ ಚೀಲ ಕಿತ್ತೆಸೆದು, ಪಂಜರದ ಹತ್ತಿರದಿಂದ ತುಂಬಿಟ್ಟುಕೊಂಡಿದ್ದ ನೀರಿನ ಬಕೆಟಿಗೆ ನನ್ನ ಮುಖವನ್ನು ಕುತ್ತಿಗೆ ಹಿಡಿದು ಅದ್ದಿದಳು. "ಕುಡಿ! ನನ್ ಗಂಡನ್ ಕೈ ತಿಂದ್ ನೀರ್, ಕುಡಿ!" ಎಂದು ಕಿರುಚುತ್ತಿದ್ದಳು. ಉಸಿರು ಎಳೆದಾಗ ನೀರು ಒಳಗೆ ಹೋಯಿತು. ಸಾಯುತ್ತೇನೆ ಎಂದೇ ಎಣಿಸಿದೆ. "ಬಿಡ್ ಸರೋಜ, ಅವ್ರ್ ಎಂತ ಮಾಡೀರ್?" ಎಂದು ಪದ್ದು ಜಗಲಿಯಿಂದ ಕೂಗಿದ ಮೇಲೆ ಬಿಟ್ಟಳು. ಆಗ ಬರೆದಿದ್ದರೆ ನೀನು ಪ್ರಥಮನನ್ನು ಅವಳ ಮನೆಗೆ ಕಳಿಸುತ್ತಿದ್ದೆ. ಈಗಲೂ ಕಳಿಸಬೇಡ. ನಾನು ಮಾಡಿದ್ದು ಏನು? ಆ ದಿನ ಕಟ್ಟೆಯ ಮೇಲೆ ನಿಂತಿದ್ದೆ, ಅಷ್ಟೆ.

ನಿಂತು ಕಂಡದ್ದನ್ನು ಬರೆಯುತ್ತೇನೆ. ನಮ್ಮಿಬ್ಬರ ನಡುವೆ ಕಾಗದ ಓದುವವರು ಯಾರೋ, ಅವರೂ ಓದಲಿ.

ಹಲಗೆಗೆ ಕೊಕ್ಕೆ ಹಾಕುವ ಮೊದಲು ನಾನು ಕೇಳಿದೆ, "ಅಣ್ಣ, ಕಂಬ ಕಾಣ್. ನೀರ್ ಏರ್ತಾ ಇತ್ತಲ್ದಾ?" ನೀನು ಕಂಬವನ್ನು ನೋಡಿದೆ. ಆಮೇಲೆ ಹೇಳಿದೆ, "ಏರ್ಲಿ ಬಿಡ್. ಇವತ್ತ್ ಅವ್ನೇ ಕುಡೀಲಿ."

ಕಪ್ಪುನೀರು ಹೋಗಿ ಪಂಜರಗಳ ಹತ್ತಿರ ನಿಂತಿತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಬಲೆಗೆ ಹೊಡೆದುಕೊಂಡವು. ಅಷ್ಟು ದೂರಕ್ಕೂ ಮಳೆ ಬಿದ್ದ ಹಾಗೆ ಸದ್ದು ಕೇಳುತ್ತಿತ್ತು. ಪದ್ದು ದಂಡೆಯ ಮೇಲೆ ಓಡಿಬಂದ. ಯಾರ ಮೈಮೇಲೂ ಬರಲಿಲ್ಲ. ನೆಟ್ಟಗೆ ನೀರಿಗೆ ಹಾರಿ, ತೇಲುತ್ತಿದ್ದ ಹಲಗೆಯೊಂದನ್ನು ಕಿಂಡಿಗೆ ಕೂರಿಸಿದ. ಬದಿಯಲ್ಲಿ ರಾಶಿ ಬಿದ್ದಿದ್ದ ಮಣ್ಣನ್ನು ಬಾಚಿ ಸಂದಿಗೆ ಮೆತ್ತತೊಡಗಿದ. ನೀನು ಬಗ್ಗಿ ಹಾರೆ ಬೀಸಿದೆ. ಮೊದಲ ಏಟು ಭುಜಕ್ಕೆ. ಅವನು ಕಿಂಡಿಗೆ ಒರಗಿ ಬಿದ್ದ, ಬಲಗೈ ಹಲಗೆಯ ಮೇಲೆ ಬಂತು. ತಲೆ ಎತ್ತಿದ. ಶೆಟ್ರೆ ಎನ್ನಲಿಲ್ಲ. "ರತ್ನಾಕರಾ, ನಾ ಮಾರಾಯಾ! ಪದ್ದು!" ಎಂದ. ಗುರುತು ಸಿಕ್ಕಿರಲಿಕ್ಕಿಲ್ಲ ಎಂದೇ ಅವನು ಎಣಿಸಿದ್ದು. ನೀನು ಅವನ ಮುಖವನ್ನು ನೋಡಿದೆ. ನೋಡಿದ ಮೇಲೆ ಹಾರೆಯನ್ನು ಎರಡೂ ಕೈಯಲ್ಲಿ ಎತ್ತಿದೆ. ಆ ಸದ್ದಿಗೆ ಹಲಗೆಯೇ ಸೀಳಿತು ಎಂದುಕೊಂಡೆ. ಹಲಗೆಗೆ ಏನೂ ಆಗಿರಲಿಲ್ಲ.

ಮೊದಲ ಏಟಿಗೆ ಹೆದರಿಕೆ ಎಂಬ ಹೆಸರು ಕೊಡಲು ನಾನು ಎರಡು ತಿಂಗಳು ಪ್ರಯತ್ನಪಟ್ಟೆ. ಎರಡನೆಯದಕ್ಕೆ ಹೆಸರು ಸಿಗಲಿಲ್ಲ.

ಅವನ ಕೈಯಲ್ಲಿ ಏನಿತ್ತು ಎಂದು ಹದಿನಾಲ್ಕಕ್ಕೆ ನನ್ನನ್ನು ಕೇಳುತ್ತಾರೆ. ಮಣ್ಣು ಇತ್ತು ಎಂದು ಹೇಳುತ್ತೇನೆ. ಕೈ ಜೋತುಬಿದ್ದ ಮೇಲೂ ಮುಷ್ಟಿ ಬಿಚ್ಚಿರಲಿಲ್ಲ, ಬೆರಳುಗಳ ಸಂದಿಯಿಂದ ಜೇಡಿ ಹೊರಗೆ ಬಂದಿತ್ತು.

ಹೇಳಿಕೆ ಆದ ಮೇಲೆ ಈ ಕಾಗದ ಹಾಕುವುದು ನನಗೆ ಕ್ಷೇಮ. ಮೊದಲೇ ಹಾಕಿದರೆ ಹದಿನಾಲ್ಕರ ಒಳಗೆ ನಿನ್ನ ಕೈ ಸೇರುತ್ತದೆ, ಉಮಾ ಅತ್ತಿಗೆಯ ಫೋನಿನಿಂದ ಪ್ರಥಮನಿಗೆ ತಲುಪುತ್ತದೆ. ಅವನು ಬರುತ್ತಾನೆ ಎಂದು ನನಗೆ ಗೊತ್ತು. ಆದರೆ ಹೇಳದೆ ಹಲಗೆ ಎತ್ತುವುದು ನನ್ನಿಂದಾಗದು. ನೀರು ಬಿಡುವ ಮೊದಲು ಕೆಳಗಿನವರಿಗೆ ಹೇಳಿ ಕಳಿಸುವುದು ಅಪ್ಪಯ್ಯನ ಕ್ರಮ. ಈಗ ಕೆಳಗಿರುವವನು ನೀನು.

ಕುಂದಾಪುರದ ಅಂಚೆಕಚೇರಿ ಬಾಗಿಲು ತೆಗೆಯುವಾಗ ನಾನೇ ಹೋಗಿ ರಿಜಿಸ್ಟರ್ ಮಾಡಿಸಿ ಹಾಕುತ್ತೇನೆ. ನಾಳೆ, ಸೋಮವಾರ, 5 ಮೇ 2025.